ಯಾರ ಮಾತು, ಯಾರ ಬಾಯಲ್ಲಿ? 'ಫ್ರಾಂಕೆನ್‌ಸ್ಟೈನ್' ಓದುವಾಗ ಬೇಕಾಗುವ ಪದಗಳು

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ನಮಗೆ ಪಠ್ಯ. ಗಾಥಿಕ್, ರೊಮ್ಯಾಂಟಿಕ್, ಎಪಿಸ್ಟೊಲರಿ, ಫ್ರೇಮ್ ನರೇಟಿವ್, ಫಾಯಿಲ್, ಮೋಟಿಫ್, ಅಲ್ಯೂಶನ್ ಅಂತ ಸುಮಾರು ಮೂವತ್ತು ಪದಗಳ ಪಟ್ಟಿ ಕೊಟ್ಟಿದ್ದಾರೆ. ಎಲ್ಲದರ ಅರ್ಥ ಬಾಯಿಪಾಠ ಆಗಿದೆ. ಆದರೆ ಕಾದಂಬರಿ ತೆರೆದರೆ ಯಾವುದನ್ನು ಎಲ್ಲಿ ಬಳಸಬೇಕು ಅಂತಲೇ ಗೊತ್ತಾಗುವುದಿಲ್ಲ. ಇದನ್ನು ಗಾಥಿಕ್ ಅನ್ನಬೇಕೋ, ವೈಜ್ಞಾನಿಕ ಕಾದಂಬರಿ ಅನ್ನಬೇಕೋ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಕಾದಂಬರಿ ತೆರೆಯಿರಿ. ಈ ಮಾತು ಯಾರದ್ದು, ಯಾರ ಬಾಯಿಂದ ನಮಗೆ ಬರುತ್ತಿದೆ? ನಿಮ್ಮ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಪದಗಳು ಈ ಪ್ರಶ್ನೆಯ ಹಿಂದೆ ತಾವಾಗಿಯೇ ಬರುತ್ತವೆ.

ಮೊದಲ ಪುಟದಲ್ಲಿ ಯಾರಿದ್ದಾರೆ ನೋಡಿ. ಸತ್ತವರ ಅಂಗಗಳಿಂದ ಜೀವ ಹುಟ್ಟಿಸಿದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಇಲ್ಲ. ಅವನು ಹುಟ್ಟಿಸಿದ ಜೀವಿಯೂ ಇಲ್ಲ. ರಾಬರ್ಟ್ ವಾಲ್ಟನ್ ಅನ್ನುವ ಯುವಕನೊಬ್ಬ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತು, ಇಂಗ್ಲೆಂಡಿನಲ್ಲಿರುವ ಅಕ್ಕ ಮಾರ್ಗರೆಟ್ ಸ್ಯಾವಿಲ್‌ಗೆ ಕಾಗದ ಬರೆಯುತ್ತಿದ್ದಾನೆ. ಅವನಿಗೆ ಉತ್ತರ ಧ್ರುವ ತಲುಪುವ ಹುಚ್ಚು. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಾಗ ಸಾಯುವ ಸ್ಥಿತಿಯಲ್ಲಿದ್ದ ವಿಕ್ಟರ್ ಅಲ್ಲಿಗೆ ಬರುತ್ತಾನೆ, ತನ್ನ ಕಥೆ ಹೇಳುತ್ತಾನೆ. ಅವನ ಕಥೆಯ ಮಧ್ಯದಲ್ಲಿ ಆ ಜೀವಿ ತನ್ನ ಕಥೆ ಹೇಳುತ್ತದೆ. ಅದರ ಒಳಗೆ ಕಾಡಿನಂಚಿನ ಒಂದು ಬಡ ಕುಟುಂಬದ ಕಥೆ, ಡಿ ಲೇಸಿ ಮನೆಯವರದ್ದು. ಅದರೊಳಗೆ ಸಫೀ ಅನ್ನುವ ಹುಡುಗಿಯ ಕಥೆ. ಡಬ್ಬಿಯೊಳಗೆ ಡಬ್ಬಿ.

ಇದೇ ಫ್ರೇಮ್ ನರೇಟಿವ್, ಚೌಕಟ್ಟಿನ ಕಥನ. ನಮಗೆ ಇದು ಹೊಸದೇನೂ ಅಲ್ಲ, ಅಲ್ವಾ? ಮಹಾಭಾರತವನ್ನು ವೈಶಂಪಾಯನ ಸರ್ಪಯಾಗದಲ್ಲಿ ಜನಮೇಜಯನಿಗೆ ಹೇಳಿದ. ಅದನ್ನು ಕೇಳಿಸಿಕೊಂಡ ಉಗ್ರಶ್ರವ ನೈಮಿಷಾರಣ್ಯದ ಋಷಿಗಳಿಗೆ ಹೇಳಿದ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರವೂ ಹೀಗೆ ಕಥೆಯೊಳಗಿನ ಕಥೆಗಳ ಸರಮಾಲೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ವೈಶಂಪಾಯನ ಹೇಳಿದ್ದನ್ನು ನಾವು ಅನುಮಾನಿಸುವುದಿಲ್ಲ. ಗುರುಗಳಿಂದ ಕೇಳಿದ್ದನ್ನು ಅವನು ಹಾಗೇ ದಾಟಿಸುತ್ತಿದ್ದಾನೆ ಅಂತ ನಂಬಿಕೊಂಡೇ ಕೇಳುತ್ತೇವೆ. ಮೇರಿ ಶೆಲ್ಲಿಯ ಚೌಕಟ್ಟಿನಲ್ಲಿ ದಾಟಿಸುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಉದ್ದೇಶ ಇದೆ.

ಕೊನೆಯ ಭಾಗದಲ್ಲಿ ಒಂದು ಸಣ್ಣ ವಿವರ ಬರುತ್ತದೆ. ಬೇಗ ಓದುವವರು ಅದನ್ನು ಹಾರಿಸಿಬಿಡುತ್ತಾರೆ. ವಿಕ್ಟರ್ ಹೇಳಿದ್ದನ್ನೆಲ್ಲ ವಾಲ್ಟನ್ ದಿನಾ ಬರೆದಿಟ್ಟುಕೊಳ್ಳುತ್ತಿದ್ದ. ಅದು ವಿಕ್ಟರ್‌ಗೆ ಗೊತ್ತಾಯಿತು. ಕೇಳಿ ಇಸಿದುಕೊಂಡ. ಸುಮ್ನೆ ಓದಿ ವಾಪಸ್ ಕೊಡಲಿಲ್ಲ. ಹಲವು ಕಡೆ ತಿದ್ದಿದ, ಸೇರಿಸಿದ. ಮುಖ್ಯವಾಗಿ ತಿದ್ದಿದ್ದು ಎಲ್ಲಿ ಗೊತ್ತೇ? ತನಗೂ ತನ್ನ ಶತ್ರುವಿಗೂ ನಡೆದ ಮಾತುಕತೆಗಳಲ್ಲಿ. ಅವಕ್ಕೆ ಜೀವ ತುಂಬಿದ ಅಂತ ವಾಲ್ಟನ್ ಬರೆಯುತ್ತಾನೆ.

ಅಂದರೆ ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಕೂತು ಆ ಜೀವಿ ಹೇಳುವ ಉದ್ದನೆಯ ಕಥೆ, ನಮ್ಮ ಕಣ್ಣು ಒದ್ದೆ ಮಾಡುವ ಆ ಕಥೆ, ಅದರ ಸ್ವಂತ ಮಾತಾಗಿ ನಮಗೆ ಬಂದಿಲ್ಲ. ಅದನ್ನು ದ್ವೇಷಿಸುವವನು ನೆನಪಿಟ್ಟುಕೊಂಡು ಹೇಳಿದ್ದು, ಅಪರಿಚಿತನೊಬ್ಬ ಬರೆದುಕೊಂಡಿದ್ದು, ಮತ್ತೆ ಅದೇ ದ್ವೇಷಿಸುವವನು ತಿದ್ದಿದ್ದು. ಇಷ್ಟು ಕೈ ದಾಟಿ ಬಂದರೂ ಆ ಮಾತು ನಮ್ಮನ್ನು ಕರಗಿಸುತ್ತದೆ. ಶತ್ರುವಿನ ಬಾಯಲ್ಲೂ ಅದರ ನ್ಯಾಯ ಮುಚ್ಚಿಹೋಗಲಿಲ್ಲ. ಈ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ವಿಷಯ ಇದೇ.

ಹೀಗೆ ಪೂರ್ತಿ ನಂಬಲಾಗದ ಹೇಳುಗನಿಗೆ ಅನ್‌ರಿಲಯಬಲ್ ನರೇಟರ್ ಎನ್ನುತ್ತಾರೆ. ಈ ಪದವನ್ನು ಚಲಾವಣೆಗೆ ತಂದವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ಹೇಳುಗ ಬೇಕೆಂದೇ ಸುಳ್ಳು ಹೇಳುತ್ತಾನೆ ಅಂತ ಇದರ ಅರ್ಥವಲ್ಲ. ಅವನ ಅಳತೆಗೋಲು ವಾಲಿದೆ ಅಂತ ಅಷ್ಟೆ. ವಿಕ್ಟರ್ ತನ್ನ ಗಂಭೀರ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಎಲ್ಲ ಹೇಳುತ್ತಾನೆ. ಹೇಳುತ್ತಲೇ ಅದನ್ನು ವಿಧಿಯ ತಲೆಗೆ ಕಟ್ಟುತ್ತಾನೆ.

ಎಪಿಸ್ಟೊಲರಿ ಅಂದರೆ ಪತ್ರಗಳ ರೂಪದ ಕಾದಂಬರಿ. 1740ರ ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ 'ಪಮೇಲಾ' ಇದರ ಪ್ರಸಿದ್ಧ ಮಾದರಿ. 'ಫ್ರಾಂಕೆನ್‌ಸ್ಟೈನ್' ಹೊರಗಿನ ಪದರದಲ್ಲಿ ಮಾತ್ರ ಪತ್ರರೂಪಿ. ಆದ್ದರಿಂದ ಉತ್ತರದಲ್ಲಿ 'ಇದು ಎಪಿಸ್ಟೊಲರಿ ಕಾದಂಬರಿ' ಅಂತ ಬರೆದು ಮುಂದೆ ಹೋಗಬೇಡಿ. ಪತ್ರ ಓದುವವರು ಯಾರು ಅಂತ ಕೇಳಿ. ಮಾರ್ಗರೆಟ್ ಒಂದು ಸಲವೂ ಮಾತಾಡುವುದಿಲ್ಲ. ಅವಳ ಉತ್ತರ ಒಂದೂ ಇಲ್ಲ. ಅವಳ ಪೂರ್ತಿ ಹೆಸರಿನ ಮೊದಲ ಅಕ್ಷರಗಳು, ಅಂದರೆ ಮಾರ್ಗರೆಟ್ ವಾಲ್ಟನ್ ಸ್ಯಾವಿಲ್‌ನ ಎಂ.ಡಬ್ಲ್ಯೂ.ಎಸ್., ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಶೆಲ್ಲಿಯ ಅಕ್ಷರಗಳೇ. ಮೊದಲ ಪತ್ರದ ತಾರೀಖು ಡಿಸೆಂಬರ್ 11. ಕೊನೆಯದು ಸೆಪ್ಟೆಂಬರ್ 12. ಒಂಬತ್ತು ತಿಂಗಳು. ತಾಯಿಯಿಲ್ಲದೆ ಜೀವ ಹುಟ್ಟಿಸುವ ಕಥೆಗೆ ಬಸುರಿನಷ್ಟೇ ಕಾಲ ಹಿಡಿದಿರುವುದನ್ನು ಸ್ತ್ರೀವಾದಿ ವಿಮರ್ಶಕರು ಗುರುತಿಸಿದ್ದಾರೆ. ಮೇರಿಯ ಸ್ವಂತ ತಾಯಿ, 1797ರಲ್ಲಿ, ಅವಳನ್ನು ಹೆತ್ತ ಹನ್ನೊಂದನೇ ದಿನಕ್ಕೆ ತೀರಿಕೊಂಡಿದ್ದರು ಅನ್ನುವುದು ನೆನಪಿದ್ದರೆ ಆ ತಾರೀಖುಗಳು ಬೇರೆಯೇ ರೀತಿ ಕಾಣುತ್ತವೆ.

ಈಗ ಐದನೇ ಅಧ್ಯಾಯ ತೆರೆಯಿರಿ. ಜೀವ ಬರುವ ದೃಶ್ಯ. ಸಿನಿಮಾಗಳಲ್ಲಿ ನೋಡಿದ ಮಿಂಚು, ಯಂತ್ರ, ಸಹಾಯಕ ಯಾವುದೂ ಇಲ್ಲಿಲ್ಲ. ನವೆಂಬರಿನ ಮಂಕು ರಾತ್ರಿ. ಕಿಟಕಿಗೆ ಮಳೆ ಬಡಿಯುತ್ತಿದೆ. ಮೋಂಬತ್ತಿ ಮುಗಿಯುತ್ತಾ ಬಂದಿದೆ. ಆ ಕ್ಷೀಣ ಬೆಳಕಿನಲ್ಲಿ ಒಂದು ಹಳದಿ ಕಣ್ಣು ತೆರೆಯುತ್ತದೆ. ಇಂಗ್ಲಿಷ್ ಮೂಲದಲ್ಲಿ ಸರ್ವನಾಮಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಅದು ಜೋರಾಗಿ ಉಸಿರೆಳೆದುಕೊಂಡಿತು, ಅದರ ಕೈಕಾಲು ಅದುರಿದವು ಅನ್ನುವಾಗ ವಿಕ್ಟರ್ ಬಳಸುವುದು 'ಇಟ್'. ಮುಂದಿನ ಸಾಲುಗಳಲ್ಲೇ, ಅವನ ಅಂಗಗಳು ಅಳತೆಗೆ ಸರಿಯಾಗಿದ್ದವು ಅನ್ನುವಾಗ 'ಹಿಸ್'. ಒಂದೇ ಉಸಿರಿನಲ್ಲಿ 'ಅದು' ಹೋಗಿ 'ಅವನು' ಆಯಿತು.

ಕನ್ನಡದಲ್ಲಿ ಬರೆಯುವ ನಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ನಮ್ಮಲ್ಲಿ ಸರ್ವನಾಮದ ಜೊತೆ ಕ್ರಿಯಾಪದವೂ ಬದಲಾಗುತ್ತದೆ. 'ಬಂದಿತು' ಅಂದರೆ ಒಂದು ಲೋಕ. 'ಬಂದನು' ಅಂದರೆ ಇನ್ನೊಂದು. ನಾನು ಇಲ್ಲಿಯವರೆಗೆ 'ಅದು', 'ಹೇಳುತ್ತದೆ' ಅಂತಲೇ ಬರೆದೆ. ಹಾಗೆ ಬರೆದಾಗಲೆಲ್ಲ ನಾನು ವಿಕ್ಟರ್‌ನ ಪಕ್ಕ ನಿಂತಿದ್ದೆ. ಇನ್ನು ಮುಂದೆ 'ಅವನು' ಅನ್ನುತ್ತೇನೆ. ನೀವು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಎಲ್ಲಿ ಯಾವುದನ್ನು ಬಳಸಿದಿರಿ, ಯಾಕೆ ಅಂತ ಒಮ್ಮೆ ತಿರುಗಿ ನೋಡಿ. ಪಾಯಿಂಟ್ ಆಫ್ ವ್ಯೂ, ದೃಷ್ಟಿಕೋನ, ಅಂತ ನಿಮ್ಮ ಪಟ್ಟಿಯಲ್ಲಿರುವ ಪದ ಆಗ ಕೈಗೆ ಸಿಗುತ್ತದೆ.

ಅವನಿಗೆ ಹೆಸರಿಲ್ಲ ಅನ್ನುವುದೂ ಇಲ್ಲೇ ಸೇರುತ್ತದೆ. ಫ್ರಾಂಕೆನ್‌ಸ್ಟೈನ್ ಅನ್ನುವುದು ಮಾಡಿದವನ ಹೆಸರು. ಮಾಡಲ್ಪಟ್ಟವನಿಗೆ ಹೆಸರಿಡುವ ಗೋಜಿಗೇ ವಿಕ್ಟರ್ ಹೋಗಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಈ ಕಥೆ ನಾಟಕವಾದಾಗ, ಪಾತ್ರಗಳ ಪಟ್ಟಿಯಲ್ಲಿ ಅವನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ನಾಟಕ ನೋಡಲು ಹೋಗಿದ್ದ ಮೇರಿ ಶೆಲ್ಲಿಗೆ ಅದು ತುಂಬಾ ಹಿಡಿಸಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಗಾಥಿಕ್ಕೋ, ವೈಜ್ಞಾನಿಕವೋ?

ಪ್ರಕಾರ ಅಂದರೆ ಓದುಗ ಮನಸ್ಸಿನಲ್ಲಿ ಇಟ್ಟುಕೊಂಡು ಬರುವ ನಿರೀಕ್ಷೆ. ಯಕ್ಷಗಾನಕ್ಕೆ ಹೋದವರು ಚೆಂಡೆ ಕೇಳುತ್ತದೆ ಅಂತ ಕಾಯುವ ಹಾಗೆ. ಈ ಕಾದಂಬರಿ ಮೊದಲು ಬಂದ 1818ರ ಓದುಗರಿಗೆ ಗಾಥಿಕ್ ಗೊತ್ತಿತ್ತು. ಹೊರೇಸ್ ವಾಲ್ಪೋಲ್‌ನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರಲ್ಲೇ ಬಂದಿತ್ತು. ಆ್ಯನ್ ರ್ಯಾಡ್‌ಕ್ಲಿಫ್ 1790ರ ದಶಕದಲ್ಲಿ ಮನೆಮಾತಾಗಿದ್ದಳು. ಹಳೇ ಕೋಟೆ, ಸುರಂಗ, ಭೂತ, ಸೆರೆಸಿಕ್ಕ ಹೆಣ್ಣು, ವಂಶದ ಗುಟ್ಟು. ಮೇರಿ ಶೆಲ್ಲಿ ಈ ಸಾಮಾನುಗಳಲ್ಲಿ ಬಹಳಷ್ಟನ್ನು ಬಿಟ್ಟಳು. ಕೋಟೆಯ ಜಾಗದಲ್ಲಿ ಇಂಗೋಲ್‌ಸ್ಟಾಟ್ ಊರಿನ ಮನೆಯ ಮೇಲಂತಸ್ತಿನ ಒಂಟಿ ಕೋಣೆ ಇದೆ. ಭೂತದ ಜಾಗದಲ್ಲಿ ಶವಾಗಾರದಿಂದ ತಂದ ಮೂಳೆಗಳು. ಗುಟ್ಟು ಮಾತ್ರ ಹಾಗೇ ಉಳಿದಿದೆ. ವಿಕ್ಟರ್‌ನ ಹೊಟ್ಟೆಯಲ್ಲಿ ಕೂತು ಅವನನ್ನೇ ತಿನ್ನುವ ಗುಟ್ಟು. ಆ ಜೀವಿ ಮಾಡಿದ ಕೊಲೆಗೆ ಮನೆಗೆಲಸದ ನಿರಪರಾಧಿ ಜಸ್ಟೀನ್‌ಗೆ ಗಲ್ಲಾಗುವಾಗಲೂ ಅವನ ಬಾಯಿಂದ ಅದು ಹೊರಗೆ ಬರುವುದಿಲ್ಲ.

'ಸೈನ್ಸ್ ಫಿಕ್ಷನ್' ಅನ್ನುವುದು ಆಗ ಪ್ರಕಾರವಾಗಿಯೇ ಇರಲಿಲ್ಲ. ಈ ಕಾದಂಬರಿಯೇ ಆ ಪ್ರಕಾರದ ಮೊದಲ ಕೃತಿ ಅಂತ 1973ರಲ್ಲಿ ವಾದಿಸಿದವರು ಬ್ರಿಟಿಷ್ ಲೇಖಕ ಬ್ರಯಾನ್ ಆಲ್ಡಿಸ್. ವಾದದಲ್ಲಿ ಹುರುಳಿದೆ. ಇಲ್ಲಿ ಮಂತ್ರವಿಲ್ಲ, ಶಾಪವಿಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ವಿಜ್ಞಾನಿ ಗ್ಯಾಲ್ವಾನಿ ತೋರಿಸಿದ್ದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನ ಹೆಣದ ಮೇಲೇ ಅದನ್ನು ಮಾಡಿ ತೋರಿಸಿದ. ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಆ ಕಾಲದ ಓದುಗರಿಗೆ ವಿಕ್ಟರ್‌ನ ಕೆಲಸ ಅಸಾಧ್ಯ ಅಂತ ಅನ್ನಿಸಬೇಕಾಗಿರಲಿಲ್ಲ. ನಾಳೆ ಆಗಬಹುದು ಅನ್ನಿಸುವಂತಿತ್ತು.

ನನ್ನ ಸಲಹೆ: 'ಗಾಥಿಕ್ ಭಯಕ್ಕೆ ವಿಜ್ಞಾನದ ಕಾರಣ ಕೊಟ್ಟ ಕಾದಂಬರಿ' ಅಂತ ಬರೆಯಿರಿ. ಎರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ. ಬೆಳಕಿಗೆ ಬಾರದ ಕೋಣೆ ಗಾಥಿಕ್‌ನಿಂದ ಬಂತು. ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಪ್ರಯೋಗಶಾಲೆಯಿಂದ ಬಂತು.

ರೊಮ್ಯಾಂಟಿಕ್ ಅನ್ನುವ ಪದದಲ್ಲಿ ವಿದ್ಯಾರ್ಥಿಗಳು ಜಾಸ್ತಿ ಎಡವುತ್ತಾರೆ. ಇಲ್ಲಿ ಅದು ಪ್ರೀತಿ ಪ್ರೇಮದ ವಿಷಯವಲ್ಲ. ನಮ್ಮ ವಿಮರ್ಶಕರು ಇದನ್ನು 'ರಮ್ಯ' ಎನ್ನುತ್ತಾರೆ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ಮೂಲಕ ನವೋದಯಕ್ಕೆ ಹರಿದುಬಂದ ಮನೋಧರ್ಮದ ಒಂದು ಮೂಲ ಇಲ್ಲಿದೆ. ಒಂಟಿ ವ್ಯಕ್ತಿಯ ಒಳಮನಸ್ಸು, ಕಲ್ಪನೆಯ ಶಕ್ತಿ, ಪ್ರಕೃತಿಯ ಮುಂದೆ ನಿಂತ ಮನುಷ್ಯ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಬೈರನ್, ಪರ್ಸಿ ಶೆಲ್ಲಿ, ಮೇರಿ ಸೇರಿದ್ದರು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಕೂತವರು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದರು. ಹದಿನೆಂಟು ವರ್ಷದ ಮೇರಿ ಶುರು ಮಾಡಿದ್ದು ಈ ಕಾದಂಬರಿಯನ್ನು. ರಮ್ಯ ಕವಿಗಳ ನಡುವೆ ಕೂತೇ ಅವಳು ಅವರ ಆದರ್ಶಕ್ಕೆ ಎದುರು ಪ್ರಶ್ನೆ ಇಟ್ಟಳು. ಕಲ್ಪನೆಯ ಬೆನ್ನು ಹತ್ತಿದವನು ಮನೆಯವರನ್ನು ಮರೆತರೆ ಏನಾಗುತ್ತದೆ ಅಂತ.

'ಸಬ್ಲೈಮ್' ಅನ್ನುವುದಕ್ಕೆ 'ಭವ್ಯ' ಅನ್ನುತ್ತೇವೆ. 1757ರಲ್ಲಿ ಎಡ್ಮಂಡ್ ಬರ್ಕ್ ಇದನ್ನು ಭಯದ ಜೊತೆ ಸೇರಿಸಿ ವಿವರಿಸಿದ. ನಮ್ಮ ರಸದ ಮಾತಿನಲ್ಲಿ ಹೇಳುವುದಾದರೆ ಅದ್ಭುತ ಮತ್ತು ಭಯಾನಕ ಒಟ್ಟಿಗೇ ಹುಟ್ಟುವ ಜಾಗ. ಹತ್ತನೇ ಅಧ್ಯಾಯದ ಹಿಮನದಿ ನೋಡಿ. ವಿಕ್ಟರ್ ಮನಸ್ಸಿಗೆ ನೆಮ್ಮದಿ ಹುಡುಕಿ ಅಲ್ಲಿಗೆ ಹತ್ತುತ್ತಾನೆ. ಆ ಭವ್ಯತೆಯ ನಡುವಿನಿಂದಲೇ, ಮಂಜಿನ ಬಿರುಕುಗಳನ್ನು ಹಾರುತ್ತಾ ಆ ಜೀವಿ ಬರುತ್ತಾನೆ.

ಅಲ್ಯೂಶನ್, ಅಂದರೆ ಬೇರೆ ಕೃತಿಯ ಕಡೆ ಬೆರಳು ತೋರಿಸುವುದು. ಶೀರ್ಷಿಕೆಯ ಕೆಳಗೇ ಒಂದಿದೆ: 'ಆಧುನಿಕ ಪ್ರೊಮಿಥಿಯಸ್'. ಗ್ರೀಕರ ಪ್ರೊಮಿಥಿಯಸ್ ದೇವರಿಂದ ಬೆಂಕಿ ಕದ್ದವನು. ರೋಮಿನ ಕವಿ ಓವಿಡ್‌ನಲ್ಲಿ ಅವನು ಮಣ್ಣಿನಿಂದ ಮನುಷ್ಯನನ್ನು ಮಾಡಿದವನು. ವಿಕ್ಟರ್‌ಗೆ ಎರಡೂ ಹೊಂದುತ್ತವೆ. 1818ರ ಮುಖಪುಟದಲ್ಲಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್'ನ ಸಾಲುಗಳೂ ಇವೆ. ನನ್ನನ್ನು ಮಾಡು ಅಂತ ನಾನು ನಿನ್ನನ್ನು ಕೇಳಿದೆನೇ ಅಂತ ಆ್ಯಡಮ್ ದೇವರನ್ನು ಕೇಳುವ ಸಾಲು. ಕಾದಂಬರಿಯೊಳಗೆ ಆ ಜೀವಿಯೇ ಆ ಕಾವ್ಯವನ್ನು ಓದುತ್ತಾನೆ. ಅವನಿಗೆ ಅದು ಕಾವ್ಯ ಅಂತ ಗೊತ್ತಿಲ್ಲ. ನಡೆದ ಚರಿತ್ರೆ ಅಂತಲೇ ನಂಬುತ್ತಾನೆ. ಹಾಗಾಗಿ ನಾನು ನಿನ್ನ ಆ್ಯಡಮ್ ಆಗಬೇಕಿತ್ತು ಅಂತ ವಿಕ್ಟರ್‌ಗೆ ಅವನು ಹೇಳುವುದು ಅಲಂಕಾರದ ಮಾತಲ್ಲ. ದಾಖಲೆ ತೋರಿಸಿ ನ್ಯಾಯ ಕೇಳಿದ ಹಾಗೆ.

ಅವನ ಭಾಗವನ್ನು ಮಾತ್ರ ಬೇರೆ ಮಾಡಿ ಓದಿದರೆ ಅದೊಂದು ಬಿಲ್ಡುಂಗ್ಸ್‌ರೋಮನ್. ಅಂದರೆ ಒಬ್ಬ ವ್ಯಕ್ತಿ ಬೆಳೆದು, ಕಲಿತು, ಕೊನೆಗೆ ಸಮಾಜದಲ್ಲಿ ಒಂದು ಜಾಗ ಕಂಡುಕೊಳ್ಳುವ ಕಾದಂಬರಿ. ಅವನು ಗೋಡೆಯ ಸಂದಿಯಿಂದ ಇಣುಕಿ, ಸಫೀಗೆ ಡಿ ಲೇಸಿ ಮನೆಯ ಮಗ ಫೀಲಿಕ್ಸ್ ಹೇಳಿಕೊಡುವ ಪಾಠ ಕೇಳಿ ಮಾತು ಕಲಿಯುತ್ತಾನೆ. ಅಕ್ಷರ ಕಲಿಯುತ್ತಾನೆ. ಕಾಣದ ಹಾಗೆ ಆ ಮನೆಗೆ ಸೌದೆ ತಂದು ಹಾಕುತ್ತಾನೆ. ಕಲಿಕೆಯೆಲ್ಲ ಮುಗಿದ ಮೇಲೆ ಬಾಗಿಲು ತಟ್ಟುತ್ತಾನೆ. ಕುರುಡು ಮುದುಕ ಒಳಗೆ ಕರೆಯುತ್ತಾನೆ. ಕಣ್ಣಿದ್ದ ಫೀಲಿಕ್ಸ್ ಬಂದು ಹೊಡೆದು ಓಡಿಸುತ್ತಾನೆ. ಪ್ರಕಾರ ಕೊಡಬೇಕಿದ್ದ ಕೊನೆಯ ಮೆಟ್ಟಿಲು ಅಲ್ಲಿ ಮುರಿಯುತ್ತದೆ.

ಮೋಟಿಫ್ ಮತ್ತು ಥೀಮ್ ಬೇರೆ ಬೇರೆ. ಮತ್ತೆ ಮತ್ತೆ ಬರುವ ಚಿತ್ರ ಮೋಟಿಫ್. ಈ ಕಾದಂಬರಿಯಲ್ಲಿ ಬೆಂಕಿ ಹಾಗೆ ಬರುತ್ತದೆ. ಹುಡುಗನಾಗಿದ್ದಾಗ ವಿಕ್ಟರ್ ಸಿಡಿಲಿಗೆ ಸೀಳಿಹೋದ ಓಕ್ ಮರ ನೋಡುತ್ತಾನೆ. ಭಿಕ್ಷುಕರು ಬಿಟ್ಟುಹೋದ ಬೆಂಕಿಯಲ್ಲಿ ಆ ಜೀವಿ ಚಳಿ ಕಾಯಿಸಿಕೊಂಡು, ಖುಷಿಯಿಂದ ಕೆಂಡಕ್ಕೆ ಕೈ ಹಾಕಿ ಸುಟ್ಟುಕೊಳ್ಳುತ್ತಾನೆ. ಹಿತ ಕೊಟ್ಟದ್ದೇ ನೋವು ಕೊಟ್ಟಿತಲ್ಲ ಅಂತ ಬೆರಗಾಗುತ್ತಾನೆ. ಮುಂದೆ ಅದೇ ಕೈ ಡಿ ಲೇಸಿ ಮನೆಗೆ ಬೆಂಕಿ ಇಡುತ್ತದೆ. ಕೊನೆಗೆ ತನ್ನ ಚಿತೆಯನ್ನು ತಾನೇ ಹೊತ್ತಿಸುತ್ತೇನೆ ಅನ್ನುತ್ತಾನೆ. ಇವನ್ನು ಪೋಣಿಸಿ ನೀವು ಒಂದು ಪೂರ್ತಿ ವಾಕ್ಯ ಹೇಳಿದರೆ, ಉದಾಹರಣೆಗೆ 'ಅರಿವು ಅದನ್ನು ಹಿಡಿದ ಕೈಯನ್ನೇ ಸುಡಬಹುದು' ಅಂದರೆ, ಅದು ಥೀಮ್. ಬರೀ 'ಬೆಂಕಿ' ಅಥವಾ 'ಒಂಟಿತನ' ಅಂತ ಒಂದು ಪದ ಬರೆದರೆ ಅದಿನ್ನೂ ವಿಷಯದ ಹೆಸರು ಅಷ್ಟೆ.

ಡ್ರಾಮಾಟಿಕ್ ಐರನಿ ಅಂದರೆ ಪಾತ್ರಕ್ಕೆ ಕಾಣದ್ದು ಓದುಗರಿಗೆ ಕಾಣುವುದು. ಒಂದೇ ಉದಾಹರಣೆ ಸಾಕು. ನಿನ್ನ ಮದುವೆಯ ರಾತ್ರಿ ನಾನು ನಿನ್ನ ಜೊತೆ ಇರುತ್ತೇನೆ ಅಂತ ಅವನು ಬೆದರಿಸುತ್ತಾನೆ. ವಿಕ್ಟರ್ ತನ್ನ ಪ್ರಾಣಕ್ಕೇ ಅಪಾಯ ಅಂದುಕೊಂಡು ಪಿಸ್ತೂಲು ಇಟ್ಟುಕೊಳ್ಳುತ್ತಾನೆ. ಓದುಗರಿಗೆ ಅವನ ಮದುಮಗಳು ಎಲಿಜಬೆತ್‌ಗೆ ಏನಾಗುತ್ತದೋ ಅನ್ನುವ ಭಯ. ಅವಳೇ ಸಾಯುತ್ತಾಳೆ. ಇಲ್ಲೂ ವಿಕ್ಟರ್‌ಗೆ ತನ್ನ ಹೊರತು ಇನ್ನೊಬ್ಬರು ಕಾಣಲಿಲ್ಲ ಅನ್ನುವುದನ್ನು ಬರೆಯಿರಿ. ಐರನಿಯ ಹೆಸರು ಹೇಳುವುದಕ್ಕಿಂತ ಅದು ಮುಖ್ಯ.

ಒಂದು ವಿಷಯ ಮರೆಯಬೇಡಿ. ನಿಮ್ಮ ಕೈಯಲ್ಲಿರುವ ಪ್ರತಿ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. 1818ರದ್ದು ಮೂರು ಸಂಪುಟ, ಲೇಖಕಿಯ ಹೆಸರೇ ಇರಲಿಲ್ಲ. 1831ರಲ್ಲಿ ಮೇರಿ ತಿದ್ದಿ ಒಂದೇ ಸಂಪುಟ ಮಾಡಿದಳು. ಮೊದಲನೆಯದರಲ್ಲಿ ಎಲಿಜಬೆತ್ ವಿಕ್ಟರ್‌ನ ಅತ್ತೆಯ ಮಗಳು, ಎರಡನೆಯದರಲ್ಲಿ ಸಾಕಲು ತಂದ ಅನಾಥೆ. ನಾನು ಮೇಲೆ ಹೇಳಿದ ಅಧ್ಯಾಯಗಳ ಸಂಖ್ಯೆ 1831ರದ್ದು.

ಉಳಿದದ್ದು ಫಾಯಿಲ್. ಒಂದು ಪಾತ್ರದ ಪಕ್ಕ ನಿಂತು ಅದರ ಗುಣವನ್ನು ಎದ್ದು ತೋರಿಸುವ ಇನ್ನೊಂದು ಪಾತ್ರ. ವಿದ್ಯಾರ್ಥಿಗಳು ಇಲ್ಲಿ ಸಾಮಾನ್ಯವಾಗಿ ಗೆಳೆಯ ಕ್ಲೆರ್ವಲ್‌ನ ಹೆಸರು ಬರೆಯುತ್ತಾರೆ. ತಪ್ಪಲ್ಲ. ಆದರೆ ನನಗೆ ವಾಲ್ಟನ್ ಇನ್ನೂ ದೊಡ್ಡ ಫಾಯಿಲ್. ಅವನಿಗೂ ವಿಕ್ಟರ್‌ನಷ್ಟೇ ಹುಚ್ಚು ಇತ್ತು. ನಾವಿಕರು ವಾಪಸ್ ಹೋಗೋಣ ಅಂದಾಗ ಅವನು ಒಳಗೊಳಗೇ ನೊಂದುಕೊಂಡು ಹಡಗು ತಿರುಗಿಸಿದ.

ಐದನೇ ಅಧ್ಯಾಯದ ಪಕ್ಕದಲ್ಲಿ ಕೊನೆಯ ಪುಟಗಳನ್ನು ಇಟ್ಟುಕೊಂಡು ಓದಿ. ಐದನೇ ಅಧ್ಯಾಯದಲ್ಲಿ ಆಗಷ್ಟೇ ಹುಟ್ಟಿದವನು ಹಾಸಿಗೆಯ ಪರದೆ ಸರಿಸಿ ಒಂದು ಕೈ ಚಾಚುತ್ತಾನೆ. ಏನೋ ಹೇಳಲು ಬಾಯಿ ತೆರೆಯುತ್ತಾನೆ. ವಿಕ್ಟರ್ ಓಡಿಹೋಗುತ್ತಾನೆ. ಕೊನೆಯ ಪುಟಗಳಲ್ಲಿ ವಿಕ್ಟರ್ ಸತ್ತಿದ್ದಾನೆ. ನಡುರಾತ್ರಿ ಹಡಗಿನ ಕೋಣೆಯಲ್ಲಿ ಸದ್ದು ಕೇಳಿ ವಾಲ್ಟನ್ ಒಳಗೆ ಹೋಗುತ್ತಾನೆ. ಶವದ ಮೇಲೆ ಬಗ್ಗಿ ಅಳುತ್ತಿದ್ದವನು ಹೆಜ್ಜೆ ಸದ್ದಿಗೆ ಕಿಟಕಿಯ ಕಡೆ ನೆಗೆಯುತ್ತಾನೆ. ಆ ಮುಖ ನೋಡಲಾಗದೆ ವಾಲ್ಟನ್ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆದರೂ, ನಿಲ್ಲು, ಹೋಗಬೇಡ ಅಂತ ಕರೆಯುತ್ತಾನೆ. ಅವನು ನಿಲ್ಲುತ್ತಾನೆ. ಆಮೇಲೆ ಮಾತಾಡುತ್ತಾನೆ. ಇಡೀ ಕಾದಂಬರಿಯಲ್ಲಿ ವಿಕ್ಟರ್ ತಿದ್ದದೆ ನಮಗೆ ತಲುಪುವ ಅವನ ಮಾತು ಅದೊಂದೇ.